ಹೊದಿಕೆ ಬದಲಿಸಿದ ಪುಷ್ಪಕ

1987ರ ‘ಪುಷ್ಪಕ ವಿಮಾನ’ದಲ್ಲಿ ಸಂಭಾಷಣೆಯೇ ಇಲ್ಲ. ಶೃಂಗಾರ್ ನಾಗರಾಜ್ ನಿರ್ಮಿಸಿ, ಸಿಂಗೀತಂ ಶ್ರೀನಿವಾಸರಾವ್ ಬೆಂಗಳೂರಿನಲ್ಲಿ ಚಿತ್ರೀಕರಿಸಿದ ಈ ಕನ್ನಡ ಚಿತ್ರ ಚೆನ್ನೈಗೆ, ಅಂದಿನ ಮದ್ರಾಸಿಗೆ, ಹೋದಾಗ ಡಬ್ಬಿಂಗ್ ಬೇಕಾಗಲಿಲ್ಲ, ಹೆಸರು ಬದಲಿಸಿದರೆ ಸಾಕಾಯಿತು. ಅಲ್ಲಿ ಅದು ‘ಪೇಸುಂ ಪಡಂ’, ಅಂದರೆ ಮಾತಾಡುವ ಚಿತ್ರ. ಹಿಂದಿಯವರಿಗೆ ‘ಪುಷ್ಪಕ್’.

ಕಥೆಯೂ ವೇಷ ಬದಲಿಸುವುದರದ್ದೇ. ಕೆಲಸವಿಲ್ಲದ ಯುವಕ (ಕಮಲ್ ಹಾಸನ್) ಕುಡಿದು ಬಿದ್ದ ಸಿರಿವಂತನನ್ನು ತನ್ನ ಕೋಣೆಯಲ್ಲಿ ಕೂಡಿಹಾಕಿ, ಅವನ ಹೋಟೆಲ್ ಕೋಣೆ ಸೇರುತ್ತಾನೆ. ಒಳ್ಳೆಯ ಬಟ್ಟೆ ತೊಟ್ಟವನನ್ನು ‘ನೀನು ಯಾರು’ ಎಂದು ಕೇಳುವವರಿಲ್ಲ. ಮಂಜುಗಡ್ಡೆಯ ಚೂರಿ ಹಿಡಿದ ಬಾಡಿಗೆ ಕೊಲೆಗಾರನೂ ಇವನೇ ಸಿರಿವಂತನೆಂದು ಬೆನ್ನು ಹತ್ತುತ್ತಾನೆ. ನಗು ಬರುತ್ತದೆ, ಜೊತೆಗೆ ಭಯವೂ.

ಕ್ಯಾಸೆಟ್ಟು, ಆಮೇಲೆ ಡಿಸ್ಕು ಬಂದು ಸಿನಿಮಾ ಮನೆ ಸೇರಿದ ಮೇಲೆ ಈ ಆಟ ಚಿತ್ರದ ಮೇಲೆಯೇ ನಡೆಯಿತು. ವಿಡಿಯೋ ಅಂಗಡಿಯಲ್ಲಿ ಚಿತ್ರಗಳು ಭಾಷೆಯ ಪ್ರಕಾರ ಕೂರುತ್ತಿದ್ದವು. ಮಾತಿಲ್ಲದ ಚಿತ್ರಕ್ಕೆ ಹೊದಿಕೆಯ ಮೇಲಿನ ಹೆಸರೇ ಭಾಷೆ. ತಮಿಳು ಹೆಸರಿನ ಡಬ್ಬಿ ತೆರೆದವರಿಗೆ ಅದು ಕನ್ನಡದ್ದೆಂದು ಹೇಳುವ ಒಂದು ಮಾತೂ ಒಳಗೆ ಸಿಗದು.

ಯುವಕನಾದರೋ ಕೊನೆಗೆ ತಾನು ಯಾರೆಂದು ಹುಡುಗಿಗೆ ತಾನೇ ತಿಳಿಸಿ, ಮತ್ತೆ ಕೆಲಸ ಹುಡುಕುವವರ ಸಾಲಿಗೆ ಮರಳುತ್ತಾನೆ. ಡಬ್ಬಿಯೊಳಗಿನ ಚಿತ್ರಕ್ಕೆ ಆ ಅನುಕೂಲವಿಲ್ಲ. ಅದರ ಊರು ಯಾವುದೆಂದು ಬಲ್ಲವರೇ ಹೇಳಬೇಕು.