ಡ್ರಾಯಿಂಗ್ ಮೇಷ್ಟ್ರು, ಕ್ರಾಫ್ಟ್ ಮೇಷ್ಟ್ರು: ಹುಣಸೂರು ಸೀಮೆಯಲ್ಲಿ ತಂತ್ರ–ವಿನ್ಯಾಸ ಶಿಕ್ಷಣದ ಚರಿತ್ರೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲೂಕುಗಳಲ್ಲಿ ಕೈಗಾರಿಕಾ ಶಿಕ್ಷಣದ ಕಥೆಯನ್ನು ಶಾಲೆಯಿಂದ ಶುರುಮಾಡಲು ಬರುವುದಿಲ್ಲ, ದಂಡಿನಿಂದ ಶುರುಮಾಡಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಕೆಲವು ವರ್ಷಗಳಾದ ಮೇಲೆ ಅಮೃತಮಹಲ್ ದನಗಳ ಉಸ್ತುವಾರಿ ಕಂಪನಿ ಸರ್ಕಾರಕ್ಕೆ ಹೋಯಿತು, ಹುಣಸೂರು ಅದರ ಮುಖ್ಯ ಠಾಣ್ಯವಾಯಿತು. ಮದರಾಸು ಸೈನ್ಯದ ಕಮಿಸರಿಯಟ್ ಇಲಾಖೆ ಇಲ್ಲಿ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರಮುಟ್ಟಿನ ಅಂಗಳ ಎಲ್ಲವನ್ನೂ ನಡೆಸಿತು. 1860ರ ದಶಕದಲ್ಲಿ ಅವು ಮುಚ್ಚಿದವು. ಮುಚ್ಚಿದ ಮೇಲೂ ಹುಣಸೂರಿನ ಕುಶಲಕರ್ಮಿಗಳು ಬೂಟು, ಬೆನ್ನುಚೀಲ, ಕಂಬಳಿ, ಎತ್ತಿನ ಗಾಡಿ ತಯಾರಿಸುತ್ತಲೇ ಇದ್ದರೆಂದೂ, ಆ ಕಾರ್ಖಾನೆಗಳು ಕೊಟ್ಟ ತರಬೇತಿ ಊರಿನಲ್ಲಿ ಉಳಿದುಕೊಂಡಿತೆಂದೂ ಹಳೆಯ ಗೆಜೆಟಿಯರುಗಳು ದಾಖಲಿಸಿವೆ.

ಈ ದಾಖಲೆಯನ್ನು ಊರಿನ ಹೆಮ್ಮೆಯಾಗಿ ಉದ್ಧರಿಸುವುದುಂಟು. ನನಗೆ ಮುಖ್ಯವೆನಿಸುವುದು ಬೇರೆ. ಸೈನ್ಯದ ಸರಕಿಗೆ ಮಾದರಿ ಮೇಲಿನಿಂದ ಬರುತ್ತದೆ. ಚೀಲದ ಅಳತೆ, ಜೀನಿನ ಹೊಲಿಗೆ, ಗಾಡಿಯ ಅಚ್ಚು ಎಲ್ಲ ಮೊದಲೇ ಗೊತ್ತಾಗಿರುತ್ತವೆ, ಕುಶಲಕರ್ಮಿ ಅದನ್ನು ತಪ್ಪಿಲ್ಲದೆ ಮತ್ತೆ ಮತ್ತೆ ಮಾಡಬೇಕು. ನಕ್ಷೆ ಹಾಕುವ ಕೈ ಒಂದು, ಕೆಲಸ ಮಾಡುವ ಕೈ ಇನ್ನೊಂದು. ಈ ಸೀಮೆಯ ಶಾಲೆಗಳ ಮುಂದಿನ ಚರಿತ್ರೆಯನ್ನು ಓದುವಾಗ ಆ ಎರಡು ಕೈಗಳು ಎಲ್ಲಿಯಾದರೂ ಸೇರಿದವೇ ಎಂದು ಹುಡುಕಬೇಕು ಎಂಬುದು ಈ ಲೇಖನದ ವಾದ.

1868ರ ಸುಮಾರಿಗೆ ಶಿಕ್ಷಣಾಧಿಕಾರಿ ಲೂಯಿಸ್ ರೈಸರ ಯೋಜನೆಯಂತೆ ಮೈಸೂರು ಸೀಮೆಯಲ್ಲಿ ಹೋಬಳಿ ಶಾಲೆಗಳು ಬಂದವು. ಓದು, ಬರಹ, ಲೆಕ್ಕ ಅಲ್ಲಿನ ಮುಖ್ಯ ಪಾಠ, ಕಸುಬಿಗೆ ಜಾಗವಿರಲಿಲ್ಲ. ಇದರಲ್ಲಿ ಅಚ್ಚರಿಯೂ ಇಲ್ಲ. ಕಸುಬು ಆಗ ಜಾತಿಯ ಮನೆಯೊಳಗೆ ಕಲಿಯುವಂಥದ್ದು. ಆಚಾರರ ಕುಲುಮೆ, ಮೇದರ ಬಿದಿರು, ಕುರುಬರ ಕಂಬಳಿ ಮಗ್ಗ, ಚರ್ಮ ಹದಮಾಡುವವರ ಕೇರಿ, ಇವುಗಳಿಗೆ ಶಾಲೆಯ ಹಂಗಿರಲಿಲ್ಲ. ಶಾಲೆಗೂ ಇವುಗಳ ಅಗತ್ಯ ಕಾಣಲಿಲ್ಲ.

ಸಂಸ್ಥಾನದ ಕೈಗಾರಿಕಾ ಶಿಕ್ಷಣ ಬೆಳೆದದ್ದು ಮೈಸೂರು, ಬೆಂಗಳೂರು ನಗರಗಳಲ್ಲಿ. ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ 1906ರಲ್ಲಿ ವೇಲ್ಸ್ ರಾಜಕುಮಾರ ಅಡಿಗಲ್ಲು ಹಾಕಿದ, 1913ರಲ್ಲಿ ಅದು ಪೂರ್ತಿಯಾಯಿತು. ಚಿತ್ರಕಲೆ ಮತ್ತು ಕಸುಬು ಎರಡನ್ನೂ ಒಂದೇ ಸೂರಿನಡಿ ಇಟ್ಟ ಸಂಸ್ಥೆ ಅದು. ನಕ್ಷೆ ಹಾಕುವ ಕೈ ಮತ್ತು ಉಳಿ ಹಿಡಿಯುವ ಕೈ ಹತ್ತಿರ ಬಂದದ್ದು ಬಹುಶಃ ಅಲ್ಲೇ. ಮುಂದೆ 1980ರ ದಶಕದ ಹೊತ್ತಿಗೆ ಅದೇ ಸಂಸ್ಥೆ ದೃಶ್ಯಕಲೆಗಳ ಅಕಾಡೆಮಿಯಾಗಿ 'ಕಾವಾ' ಎಂಬ ಹೆಸರು ಪಡೆಯಿತು. ಕಲೆ ಉಳಿಯಿತು, ತಂತ್ರದ ಭಾಗ ಬೇರೆ ದಾರಿ ಹಿಡಿಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲಿ ಪ್ರಾಥಮಿಕ ಶಿಕ್ಷಣದ ಶಾಸನ (1913), ಮೈಸೂರು ವಿಶ್ವವಿದ್ಯಾನಿಲಯ (1916), ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು (1917) ಒಂದರ ಹಿಂದೆ ಒಂದು ಬಂದವು. ತಳದಲ್ಲಿ ಅಕ್ಷರ, ತುದಿಯಲ್ಲಿ ಎಂಜಿನಿಯರು. ನಡುವಿನ ಮೆಟ್ಟಿಲು ತೆಳ್ಳಗಾಗಿಯೇ ಉಳಿಯಿತು. ಅದು ವಿಶ್ವೇಶ್ವರಯ್ಯನವರಿಗೂ ತಿಳಿದಿತ್ತೆಂದು ಕಾಣುತ್ತದೆ: 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಜಯಚಾಮರಾಜೇಂದ್ರ ವೃತ್ತಿ ಶಿಕ್ಷಣ ಸಂಸ್ಥೆಗೆ ಅವರು ಭದ್ರಾವತಿ ಕಾರ್ಖಾನೆಯ ಕೆಲಸಕ್ಕಾಗಿ ತಮಗೆ ಬರಬೇಕಾಗಿದ್ದ ಸಂಭಾವನೆಯನ್ನೇ ಬಿಟ್ಟುಕೊಟ್ಟರು.

ತಾಲೂಕಿನ ಶಾಲೆಗೆ ಕೈಕೆಲಸ ತಲುಪಿದ್ದು ಇನ್ನೊಂದು ದಾರಿಯಿಂದ. 1937ರ ವಾರ್ಧಾ ಸಮ್ಮೇಳನದ ಮೂಲ ಶಿಕ್ಷಣ ಸ್ವಾತಂತ್ರ್ಯದ ನಂತರ ಹಳ್ಳಿ ಶಾಲೆಗಳಲ್ಲಿ ತಕಲಿ ಮತ್ತು ಹಂಜಿಯ ರೂಪದಲ್ಲಿ ಕಾಣಿಸಿಕೊಂಡಿತು. ನೆರೆಯ ನಂಜನಗೂಡು ತಾಲೂಕಿನ ಬದನವಾಳುವಿನಲ್ಲಿ ಖಾದಿ ಕೇಂದ್ರ ಬೇರು ಬಿಟ್ಟಿದ್ದರಿಂದ ನೂಲುವುದು ಈ ಭಾಗಕ್ಕೆ ಹೊಸದೇನಲ್ಲ. ಆದರೆ ಗಾಂಧೀಜಿ ಬಯಸಿದ್ದು ಕಸುಬಿನ ಮೂಲಕ ಗಣಿತ, ಭೂಗೋಳ, ಚರಿತ್ರೆ ಎಲ್ಲವನ್ನೂ ಕಲಿಸುವುದು. ಶಾಲೆಯಲ್ಲಿ ಉಳಿದದ್ದು ನೂಲುವ ಪೀರಿಯಡ್ ಮಾತ್ರ.

1952–53ರ ಮುದಲಿಯಾರ್ ಆಯೋಗ ಪ್ರೌಢಶಾಲೆಯ ಪ್ರತಿ ವಿದ್ಯಾರ್ಥಿಗೂ ಒಂದು ಕಸುಬು ಇರಲಿ ಎಂದಿತು, ತಾಂತ್ರಿಕ ವಿಭಾಗವಿರುವ ವಿವಿಧೋದ್ದೇಶ ಶಾಲೆಗಳನ್ನು ಸೂಚಿಸಿತು. 1964–66ರ ಕೊಠಾರಿ ಆಯೋಗ ಅದನ್ನು 'ಕಾರ್ಯಾನುಭವ' ಎಂದಿತು, 1977ರ ಈಶ್ವರಭಾಯ್ ಪಟೇಲ್ ಸಮಿತಿ 'ಸಮಾಜೋಪಯೋಗಿ ಉತ್ಪಾದಕ ಕಾರ್ಯ' ಎಂದಿತು. ಹೆಸರು ಉದ್ದವಾದಷ್ಟೂ ಪೀರಿಯಡ್ ಕುಗ್ಗಿತು ಎನ್ನುವುದು ಕೊಂಕು ಮಾತಾದರೂ ಸುಳ್ಳಲ್ಲ.

ಈ ಅವಧಿಯಲ್ಲಿ ನೆಲೆಯೂರಿದ ಒಂದು ಏರ್ಪಾಡನ್ನು ಶಿಕ್ಷಣ ಚರಿತ್ರೆಕಾರರು ಅಷ್ಟಾಗಿ ಗಮನಿಸಿಲ್ಲ. ಪ್ರೌಢಶಾಲೆಗೆ ಚಿತ್ರಕಲೆಗೊಬ್ಬರು, ಹೊಲಿಗೆ, ನೇಯ್ಗೆ, ಮರಗೆಲಸ, ತೋಟಗಾರಿಕೆಯಂಥದ್ದಕ್ಕೆ ಇನ್ನೊಬ್ಬರು, ಹೀಗೆ ಎರಡು ವಿಶೇಷ ಹುದ್ದೆಗಳಾದವು. ಡ್ರಾಯಿಂಗ್ ಮೇಷ್ಟ್ರು ಲೋಯರ್, ಹೈಯರ್ ಎಂಬ ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳಿಗೆ ಹುಡುಗರನ್ನು ತಯಾರು ಮಾಡುತ್ತಿದ್ದರು. ಕ್ರಾಫ್ಟ್ ಮೇಷ್ಟ್ರು ಕರವಸ್ತ್ರ, ಮಣೆ, ರಟ್ಟಿನ ಡಬ್ಬಿ ಮಾಡಿಸುತ್ತಿದ್ದರು. ಮಣೆಯನ್ನು ಮೊದಲು ಕಾಗದದ ಮೇಲೆ ಅಳತೆಯಿಟ್ಟು ಬರೆದು, ಕೂರುವವರ ಮಂಡಿ ನೋವನ್ನು ಯೋಚಿಸಿ, ಎತ್ತರ ಬದಲಿಸಿ, ಮತ್ತೆ ಮಾಡಿ ನೋಡು ಎಂದು ಹೇಳುವುದು ಇಬ್ಬರ ಕೆಲಸವೂ ಆಗಿರಲಿಲ್ಲ. ವಿನ್ಯಾಸವೆಂದರೆ ಅದೇ. 1958ರಲ್ಲಿ ಅಮೆರಿಕದ ವಿನ್ಯಾಸಕಾರರಾದ ಈಮ್ಸ್ ದಂಪತಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ನಮ್ಮ ಚೊಂಬನ್ನು ಹಿಡಿದು ಈ ಮಾತನ್ನೇ ವಿವರಿಸಿದ್ದರು. ಅದರ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಬಂದಿತು, ಶಾಲೆಯ ಕಡೆ ಆ ಗಾಳಿ ಬೀಸಲಿಲ್ಲ. ಇಂಗ್ಲೆಂಡಿನಲ್ಲಿ 1990ರಿಂದ ವಿನ್ಯಾಸ ಮತ್ತು ತಂತ್ರಜ್ಞಾನವನ್ನು ಒಂದೇ ವಿಷಯವಾಗಿ ರಾಷ್ಟ್ರೀಯ ಪಠ್ಯಕ್ರಮಕ್ಕೆ ಸೇರಿಸಿದ್ದು ಈ ಎರಡು ಹುದ್ದೆಗಳನ್ನು ಬೆಸೆಯುವ ಪ್ರಯತ್ನವೇ. ನಮ್ಮಲ್ಲಿ ಅದಕ್ಕೆ ಹತ್ತಿರ ಬಂದದ್ದು ಜೂನಿಯರ್ ಟೆಕ್ನಿಕಲ್ ಸ್ಕೂಲುಗಳು. ಎಂಟರಿಂದ ಹತ್ತನೆಯ ತರಗತಿಗೆ ಎಂಜಿನಿಯರಿಂಗ್ ಡ್ರಾಯಿಂಗೂ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಪಾಠಗಳೂ ಅಲ್ಲಿ ಒಟ್ಟಿಗಿವೆ. ಅಂಥ ಶಾಲೆಗಳು ಎಲ್ಲ ತಾಲೂಕುಗಳಿಗೆ ಬರಲಿಲ್ಲ.

ತಂದೆತಾಯಿಯರ ಅನುಮಾನವನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಸುಬಿನ ಕೇರಿಯಿಂದ ಶಾಲೆಗೆ ಬಂದ ಮಗುವಿಗೆ ಶಾಲೆಯೆಂದರೆ ಕಸುಬಿನಿಂದ ಬಿಡುಗಡೆ. 1953ರಲ್ಲಿ ಮದರಾಸಿನಲ್ಲಿ ರಾಜಾಜಿ ಅರ್ಧ ದಿನ ಶಾಲೆ, ಉಳಿದರ್ಧ ಮನೆಯ ಕಸುಬು ಎಂಬ ಯೋಜನೆ ತಂದಾಗ ಅದನ್ನು ಕುಲಕಸುಬಿನ ಶಿಕ್ಷಣವೆಂದು ಜನ ತಿರಸ್ಕರಿಸಿದರು, ಮರುವರ್ಷವೇ ಅದು ರದ್ದಾಯಿತು. ಹುಣಸೂರಿನ ಚರ್ಮದ ಕೇರಿಯ ಮಗುವಿಗೆ ಶಾಲೆಯಲ್ಲೂ ಬೂಟು ಹೊಲಿಯಲು ಹೇಳಿದರೆ ಆ ಮನೆಯವರು ಒಪ್ಪಬೇಕಿತ್ತೇ? ಕ್ರಾಫ್ಟ್ ಪೀರಿಯಡ್ ಸೊರಗಿದ್ದಕ್ಕೆ ಬರೀ ಸೋಮಾರಿತನವನ್ನು ಹೊಣೆ ಮಾಡುವ ವಿಮರ್ಶೆ ಈ ನ್ಯಾಯವಾದ ಅನುಮಾನವನ್ನು ಕಾಣುವುದಿಲ್ಲ.

ಕೃಷ್ಣರಾಜನಗರದ ಬಗ್ಗೆ ಹೇಳಬೇಕಾದ್ದು ಸ್ವಲ್ಪವೇ. ಪ್ರವಾಹಕ್ಕೆ ನಲುಗಿದ ಎಡತೊರೆಯ ಬದಲು ನಾಲ್ವಡಿಯವರ ಕಾಲದಲ್ಲಿ ನಕ್ಷೆ ಹಾಕಿ ಕಟ್ಟಿದ ಊರದು. ಊರೇ ವಿನ್ಯಾಸದ ಪಾಠವಾಗಬಹುದಿತ್ತು. ಹಾಗೆಯೇ ಪಾಠಕ್ಕೆ ಒದಗಬಹುದಾಗಿದ್ದ ಭತ್ತದ ಗಿರಣಿಗಳೂ ಚುಂಚನಕಟ್ಟೆಯ ಸಕ್ಕರೆ ಕಾರ್ಖಾನೆಯೂ ಪಕ್ಕದಲ್ಲೇ ಇದ್ದವು.

ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯದು ಬೇರೆ ಕಥೆ. 1960–61ರಲ್ಲಿ ಮೈಸೂರು ಸರ್ಕಾರ ಕೊಟ್ಟ ಸುಮಾರು 3,000 ಎಕರೆಯಲ್ಲಿ ನೆಲೆಸಿದ ಟಿಬೆಟನ್ನರು ಶಾಲೆಗಳ ಜೊತೆಗೇ ರತ್ನಗಂಬಳಿ ನೇಯುವ ಕೇಂದ್ರವನ್ನೂ ಕಟ್ಟಿಕೊಂಡರು. ನೆಲ ಕಳೆದುಕೊಂಡವರಿಗೆ ಕಸುಬು ಗುರುತಾಗಿತ್ತು, ಆದಾಯವೂ ಆಗಿತ್ತು. ಅವಮಾನದ ನೆರಳು ಅದರ ಮೇಲಿರಲಿಲ್ಲ. ಕೆಲವೇ ಮೈಲಿ ದೂರದ ಹಳ್ಳಿ ಶಾಲೆಗೂ ಇದಕ್ಕೂ ಇದ್ದ ಅಂತರ ಅದು.

ಈ ಸೀಮೆಯ ನಿಜವಾದ ಪ್ರಯೋಗಾಲಯ ಹೊಗೆಸೊಪ್ಪಿನ ಬ್ಯಾರನ್. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳಲ್ಲಿ ವರ್ಜೀನಿಯಾ ತಂಬಾಕು ಹರಡಿದಂತೆ ಹೊಲಹೊಲಕ್ಕೂ ಎತ್ತರದ ಗೋಡೆಯ ಬ್ಯಾರನ್ ಎದ್ದಿತು. ಒಲೆಯ ಬಿಸಿಯನ್ನು ತಗಡಿನ ಕೊಳವೆಗಳಲ್ಲಿ ಒಳಗೆ ಹರಿಸಿ, ಕಡ್ಡಿಗೆ ಕಟ್ಟಿದ ಎಲೆಯನ್ನು ಮೊದಲು ಸಣ್ಣ ಕಾವಿನಲ್ಲಿ ಹಳದಿಯಾಗಿಸಿ, ಬಣ್ಣ ಹಿಡಿಸಿ, ಕೊನೆಗೆ ಸುಮಾರು 160 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ನಡುನರವನ್ನು ಒಣಗಿಸಬೇಕು. ಗಾಳಿಕಿಂಡಿ ಎಷ್ಟು ತೆರೆಯಬೇಕು, ತೇವ ಎಷ್ಟಿರಬೇಕು, ಸೌದೆ ಎಷ್ಟು ಉಳಿಸಬಹುದು ಎಂಬುದೆಲ್ಲ ಉಷ್ಣಶಾಸ್ತ್ರ. ಮನೆಯ ಮಗು ಥರ್ಮಾಮೀಟರನ್ನು ಮೊದಲು ನೋಡುವುದು ವಿಜ್ಞಾನದ ಕೊಠಡಿಗಿಂತ ಇಲ್ಲೇ ಇರಬಹುದು. ಆದರೆ ಸೊಪ್ಪು ಬೇಯಿಸುವ ಕಾಲ ಶಾಲೆ ನಡೆಯುವ ಮಳೆಗಾಲದಲ್ಲೇ ಬೀಳುತ್ತದೆ, ರಾತ್ರಿಯಿಡೀ ಒಲೆ ಕಾಯುವುದು ಕೂಲಿಗೆ ಸೇರಿದ್ದು. ಈ ಜ್ಞಾನವನ್ನು ಶಾಲೆ ಗುರುತಿಸಿದ್ದು ಗೈರುಹಾಜರಿಯ ಕಾರಣವಾಗಿ. ಬ್ಯಾರನ್ನನ್ನು ರಮ್ಯವಾಗಿ ಕಾಣಬೇಕಿಲ್ಲ, ಮಕ್ಕಳನ್ನು ಅಲ್ಲಿಂದ ಬಿಡಿಸಿದ್ದು ಸರಿಯೇ. ಅಲ್ಲಿಯ ಪ್ರಶ್ನೆಗಳನ್ನೂ ಪಠ್ಯದಿಂದ ಹೊರಗಿಟ್ಟದ್ದಕ್ಕೆ ಮಾತ್ರ ಸಮರ್ಥನೆ ಸಿಗುವುದಿಲ್ಲ.

ಹೆಗ್ಗಡದೇವನಕೋಟೆ ತಾಲೂಕಿನ ಗಿರಿಜನರ ಹಾಡಿಗಳಲ್ಲಿ ತೊಡಕು ಇನ್ನೂ ಆಳ. ಜೇನುಕುರುಬರಿಗೂ ಕಾಡುಕುರುಬರಿಗೂ ಬಿದಿರು, ಬಳ್ಳಿ, ಜೇನೇಣಿಯ ತಂತ್ರ ಬದುಕಿನ ಭಾಗ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಕಾಡಿಗೆ ಹೋಗುವ ದಾರಿ ಕಿರಿದಾಯಿತು. ಬಿದಿರೇ ಇಲ್ಲದೆ ಬುಟ್ಟಿ ಹೆಣೆಯುವುದನ್ನು ಆಶ್ರಮ ಶಾಲೆ ಹೇಗೆ ಕಲಿಸೀತು? ಮೈಸೂರಿನ ವೈದ್ಯ ವಿದ್ಯಾರ್ಥಿಗಳು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹೊಸಹಳ್ಳಿಯಲ್ಲಿ ನಡೆಸುವ ಗಿರಿಜನ ಶಾಲೆಯಲ್ಲಿ ಓದಿನ ಜೊತೆ ವೃತ್ತಿ ತರಬೇತಿಗೂ ಜಾಗವಿದೆ. ಸರ್ಕಾರಿ ವ್ಯವಸ್ಥೆಯ ಹೊರಗಿದ್ದುದರಿಂದಲೇ ಆ ಸ್ವಾತಂತ್ರ್ಯ ಅದಕ್ಕೆ ದಕ್ಕಿತೆಂದು ನನ್ನ ಎಣಿಕೆ.

ಪದವಿಪೂರ್ವ ಹಂತದಲ್ಲಿ 1970ರ ದಶಕದ ಕೊನೆಗೆ ಬಂದ ಜೆ.ಓ.ಸಿ. ಎಂಬ ಉದ್ಯೋಗಾಧಾರಿತ ಕೋರ್ಸುಗಳು ಮೂರು ದಶಕ ನಡೆದು ನಿಂತುಹೋದವು. ಆಮೇಲೆ 2013ರ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನಂತೆ ಪ್ರೌಢಶಾಲೆಗೆ ಆಟೊಮೊಬೈಲ್, ಮಾಹಿತಿ ತಂತ್ರಜ್ಞಾನ, ರೀಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್ ವಿಷಯಗಳು ಬಂದವು. ಎಸ್.ಎಸ್.ಎಲ್.ಸಿ.ಯಲ್ಲಿ ಇವು ತೃತೀಯ ಭಾಷೆಯ ಜಾಗದಲ್ಲಿ ಕೂರುತ್ತವೆ: ಹಿಂದಿ ಬಿಟ್ಟರೆ ಸ್ಪ್ಯಾನರ್. 2016ರಿಂದ ಅಟಲ್ ಟಿಂಕರಿಂಗ್ ಲ್ಯಾಬುಗಳಿಗೆ ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿವರೆಗೆ ಅನುದಾನವಿದೆ. ಸಾಮಾನ್ಯವಾಗಿ 1,500 ಚದರ ಅಡಿ ಜಾಗ ಬೇಕೆಂಬ ಷರತ್ತೂ ಇದೆ. ಅಷ್ಟು ಜಾಗವಿರುವ ಶಾಲೆ ಯಾವುದೆಂದು ಹಾಡಿಯ ಅಂಚಿನ ಮೇಷ್ಟ್ರನ್ನು ಕೇಳಿದರೆ ಗೊತ್ತಾಗುತ್ತದೆ. ಆದರೂ ಮಾಡಿ, ಕೆಡಿಸಿ, ಮತ್ತೆ ಮಾಡುವುದನ್ನು ಶಾಲೆಯೊಳಗೆ ಒಪ್ಪಿಕೊಂಡ ಮೊದಲ ಸರ್ಕಾರಿ ಯೋಜನೆಗಳಲ್ಲಿ ಇದೂ ಒಂದು.

ಹುದ್ದೆಗಳ ಏರ್ಪಾಡು ಮಾತ್ರ ಹಾಗೇ ಇದೆ. ರಾಜ್ಯದ ಪರೀಕ್ಷಾ ಮಂಡಲಿ ಡ್ರಾಯಿಂಗ್ ಗ್ರೇಡ್ ಪರೀಕ್ಷೆಯನ್ನು ಒಂದು ಕಡೆ, ಕೌಶಲ ವಿಷಯಗಳ ಪರೀಕ್ಷೆಯನ್ನು ಇನ್ನೊಂದು ಕಡೆ ನಡೆಸುತ್ತದೆ. ಎರಡರಲ್ಲೂ ಪಾಸಾದ ಮಗುವಿನ ಕೈಗೆ ಬೇರೆಬೇರೆ ಎರಡು ಸರ್ಟಿಫಿಕೇಟು ಸಿಗುತ್ತವೆ.