ಬೇರೆ ಲೋಕಕ್ಕೆ ಮತಪೆಟ್ಟಿಗೆ

ಬೇರೊಂದು ಗ್ರಹದಲ್ಲಿ ಒಬ್ಬ ರಾಜ ಪ್ರಜೆಗಳನ್ನು ಹಿಂಡಿ ಹಿಪ್ಪೆ ಮಾಡುತ್ತಿದ್ದಾನೆ. ಅಲ್ಲಿಗೆ ಭೂಮಿಯಿಂದ ತಿಳಿದವರು ಹೋಗಿ ಇಳಿಯುತ್ತಾರೆ. ಅವರ ಬಳಿ ಯಂತ್ರಗಳಿವೆ, ಔಷಧಿಗಳಿವೆ, ನ್ಯಾಯ ಅನ್ಯಾಯದ ತಿಳಿವಳಿಕೆಯೂ ಇದೆ. ಇಷ್ಟೆಲ್ಲ ಇದ್ದ ಮೇಲೆ ಆ ಜನರಿಗೆ ಪ್ರಜಾಪ್ರಭುತ್ವವನ್ನು ತಂದುಕೊಡುವುದು ಏನು ಮಹಾ ಕೆಲಸ? ವಿಜ್ಞಾನ ಕಾದಂಬರಿಗಳಲ್ಲಿ ಈ ಕಥೆ ಹಲವು ವೇಷ ತೊಟ್ಟು ಬಂದಿದೆ. ಹುಡುಗರು ಓದುವ ಪುಸ್ತಕವೆಂದು ನಾವು ಹೆಂಗಸರು ಅದನ್ನು ಪಕ್ಕಕ್ಕೆ ಸರಿಸುವುದೇ ಹೆಚ್ಚು. ಆದರೆ ಕಂದಿಕೆರೆಯ ಕಡೆಯವಳಾದ ನನಗೆ ಅದು ಬಹಳ ಹತ್ತಿರದ ಕಥೆ ಎನ್ನಿಸುತ್ತದೆ. ತೆಂಗಿನ ತೋಟಗಳ ನಮ್ಮ ಚಿಕ್ಕನಾಯಕನಹಳ್ಳಿ ತಾಲ್ಲೂಕಿಗೂ ಪ್ರಜಾಪ್ರಭುತ್ವ ಮೊದಲು ಬಂದದ್ದು ಮೇಲಿನಿಂದಲೇ. ಬಂದದ್ದು ಉಳಿಯಿತೇ, ಉಳಿದಿದ್ದರೆ ಯಾರಿಂದ ಉಳಿಯಿತು ಎಂಬುದೇ ಯೋಚಿಸಬೇಕಾದ ಮಾತು.

ಈ ಬಗೆಯ ಕಾದಂಬರಿಗಳಲ್ಲಿ ಹೆಸರಾದದ್ದು ರಷ್ಯದ ಸ್ತ್ರುಗಾತ್ಸ್ಕಿ ಸಹೋದರರು 1964ರಲ್ಲಿ ಪ್ರಕಟಿಸಿದ ಕೃತಿ. ಅದರ ಹೆಸರನ್ನು 'ದೇವರಾಗುವುದು ಕಷ್ಟ' ಎಂದು ಕನ್ನಡದಲ್ಲಿ ಹೇಳಬಹುದು. ಭೂಮಿಯ ಒಬ್ಬ ತರುಣ ದೂರದ ಗ್ರಹದ ರಾಜ್ಯವೊಂದರಲ್ಲಿ ಶ್ರೀಮಂತನ ವೇಷದಲ್ಲಿ ಇರುತ್ತಾನೆ. ಅಲ್ಲಿ ಓದುಬರಹ ಬಲ್ಲವರನ್ನು ಹುಡುಕಿ ಹುಡುಕಿ ಕೊಲ್ಲುತ್ತಿದ್ದಾರೆ. ಅವನೋ ನೋಡಬಹುದು, ಬರೆದುಕೊಳ್ಳಬಹುದು, ಒಬ್ಬಿಬ್ಬರನ್ನು ಗುಟ್ಟಾಗಿ ಉಳಿಸಬಹುದು. ಅಲ್ಲಿನ ಇತಿಹಾಸಕ್ಕೆ ಮಾತ್ರ ಕೈ ಹಾಕುವಂತಿಲ್ಲ. ರೈತರ ದಂಗೆಯ ನಾಯಕನೊಬ್ಬ ಬಂದು ನಿನ್ನ ಸಿಡಿಲನ್ನು ನಮಗೆ ಕೊಡು ಎಂದು ಬೇಡುತ್ತಾನೆ, ಇವನು ಕೊಡುವುದಿಲ್ಲ. ಅಲ್ಲಿಯ ವಿದ್ವಾಂಸನೊಬ್ಬನನ್ನು, ದೇವರು ಸಿಕ್ಕಿದರೆ ಏನು ಕೇಳುತ್ತೀರಿ ಎಂದು ಇವನೇ ವಿಚಾರಿಸುತ್ತಾನೆ. ಅನ್ನ ಕೊಟ್ಟರೆ ಬಲವಂತರು ಕಿತ್ತುಕೊಳ್ಳುತ್ತಾರೆ, ಬಲವಂತರನ್ನು ಅಡಗಿಸಿದರೆ ಅವರ ಜಾಗಕ್ಕೆ ಇನ್ನೊಬ್ಬರು ಹುಟ್ಟುತ್ತಾರೆ. ಹೀಗೆ ಒಂದೊಂದನ್ನೇ ಅಳೆದು ನೋಡಿದ ಮುದುಕ ಕೊನೆಗೆ, ನಮ್ಮ ದಾರಿಯಲ್ಲಿ ನಮ್ಮನ್ನು ಬಿಟ್ಟುಬಿಡಲಿ ಎಂಬ ಅರ್ಥದ ಮಾತಾಡುತ್ತಾನೆ. ಕಡೆಗೆ ತಾನು ಪ್ರೀತಿಸಿದ ಹುಡುಗಿಯ ಕೊಲೆಯಾದಾಗ ತರುಣನ ಸಹನೆ ಒಡೆದು ಕತ್ತಿ ಹಿರಿಯುತ್ತಾನೆ. ಹೆಣಗಳು ಬೀಳುತ್ತವೆ, ಪ್ರಜಾಪ್ರಭುತ್ವ ಹುಟ್ಟುವುದಿಲ್ಲ.

ಕಾದಂಬರಿಯ ಮಾತು ಅಲ್ಲಿಗಿರಲಿ. ನಮ್ಮ ಮೈಸೂರು ಸಂಸ್ಥಾನದಲ್ಲಿ ನಡೆದದ್ದೇನು? ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಆಳ್ವಿಕೆಯಾದ ಮೇಲೆ 1881ರ ಮಾರ್ಚ್ 25ರಂದು ರಾಜ್ಯ ಮತ್ತೆ ಒಡೆಯರ ಕೈಗೆ ಬಂತು. 1876-78ರ ಬರಗಾಲದಲ್ಲಿ ಸಂಸ್ಥಾನದ ಜನರಲ್ಲಿ ಸುಮಾರು ಐದನೇ ಒಂದು ಪಾಲು ಅಳಿದುಹೋಗಿದ್ದ ಕಾಲ. ಅಂಥ ಹೊತ್ತಿನಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯೊಂದನ್ನು ಏರ್ಪಡಿಸಿದರು. ಅದೇ ವರ್ಷದ ಅಕ್ಟೋಬರ್ 7ರಂದು, ದಸರೆಯ ಸಮಯದಲ್ಲಿ, 144 ಮಂದಿ ಮೈಸೂರಿನಲ್ಲಿ ಸೇರಿದರು. ಪ್ರತಿ ತಾಲ್ಲೂಕಿನಿಂದ ಒಬ್ಬಿಬ್ಬರು ಜಮೀನುದಾರರು, ಜೊತೆಗೆ ಜಿಲ್ಲೆಗಳ ದೊಡ್ಡ ವರ್ತಕರು. ಯಾರೂ ಓಟು ಹಾಕಿ ಕಳಿಸಿದವರಲ್ಲ. ಅಹವಾಲು ಹೇಳಬಹುದಿತ್ತು, ದಿವಾನರು ಕೇಳಲೇಬೇಕೆಂಬ ಕಟ್ಟಳೆ ಇರಲಿಲ್ಲ. ಹೆಂಗಸರಂತೂ ಅಲ್ಲಿ ಸುಳಿಯುವ ಹಾಗಿರಲಿಲ್ಲ.

ಹಾಗೆಂದು ಅದು ವ್ಯರ್ಥವಾಯಿತೆನ್ನಲಾರೆ. ಹತ್ತು ವರ್ಷದೊಳಗೆ ಚುನಾವಣೆಯ ಮಾತು ಬಂತು, ಆದರೆ ಓಟು ಆಸ್ತಿವಂತರಿಗೆ, ಓದಿದವರಿಗೆ ಮಾತ್ರ. ಕೇಳುವುದಕ್ಕೊಂದು ಜಾಗ ಸಿಕ್ಕಿದ ಮೇಲೆ ಜನರಿಗೆ ಕೇಳುವ ಅಭ್ಯಾಸವಾಯಿತು. ಕೇಳಿದ್ದು ಸಿಗದಿದ್ದಾಗ ಬೀದಿಗಿಳಿಯುವ ಅಭ್ಯಾಸವೂ ಆಯಿತು. 1938ರ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ, ಅದೇ ತಿಂಗಳು ವಿದುರಾಶ್ವತ್ಥದ ಗೋಲಿಬಾರು, 1947ರಲ್ಲಿ 'ಮೈಸೂರು ಚಲೋ'. ಆ ಅಕ್ಟೋಬರ್‌ನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ದಿವಾನರು ಕೊಟ್ಟದ್ದು ಬರಿಯ ಪಾತ್ರೆ. ಅದರೊಳಗಿನ ನೀರನ್ನು ಜನರೇ ಹೊತ್ತು ತಂದರು.

ಹಾಗಾದರೆ ಹೆಂಗಸರ ಪಾಲಿನದೇನು? ಇಲ್ಲಿ ಇನ್ನೊಂದು ವಿಜ್ಞಾನ ಕಥೆಯನ್ನು ನೆನೆಯಬೇಕು. ಬಂಗಾಳದ ರೊಕೆಯಾ ಸಖಾವತ್ ಹುಸೇನ್ ಎಂಬ ಪರದೆಯೊಳಗಿನ ಹೆಣ್ಣುಮಗಳು ಇಂಗ್ಲಿಷಿನಲ್ಲಿ ಬರೆದ 'ಸುಲ್ತಾನಾಳ ಕನಸು' 1905ರಲ್ಲಿ ಮದ್ರಾಸಿನ ಒಂದು ಮಹಿಳಾ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಕನಸಿನ ನಾಡಿನಲ್ಲಿ ಗಂಡಸರು ಮನೆಯೊಳಗೆ, ಹೆಂಗಸರು ಹೊರಗೆ. ಹೆಣ್ಣುಮಕ್ಕಳ ವಿಶ್ವವಿದ್ಯಾನಿಲಯದವರು ಬಲೂನು ಹಾರಿಸಿ ಮೋಡದಿಂದಲೇ ನೀರು ಇಳಿಸಿಕೊಳ್ಳುತ್ತಾರೆ. ಸೂರ್ಯನ ಬಿಸಿಲಿನಲ್ಲಿ ಅಡಿಗೆಯಾಗುತ್ತದೆ, ಹೊಗೆಯೇ ಇಲ್ಲ. ಮಳೆಗಾಗಿ ಮೋಡ ನೋಡಿ ನೋಡಿ ಕತ್ತು ನೋವು ತಂದುಕೊಳ್ಳುವ ನಮ್ಮ ಸೀಮೆಯವರಿಗೆ ಅದಕ್ಕಿಂತ ಚೆಂದದ ಕನಸುಂಟೆ? ಆದರೆ ಒಂದನ್ನು ಗಮನಿಸಿ. ಅಷ್ಟು ಧೈರ್ಯದಿಂದ ಕನಸು ಕಂಡ ರೊಕೆಯಾ ಕೂಡ ಆ ನಾಡನ್ನು ಆಳಲು ಕೂರಿಸಿದ್ದು ಒಬ್ಬ ರಾಣಿಯನ್ನು. ನೀರಿಳಿಸುವ ಬಲೂನು ಕಲ್ಪನೆಗೆ ಸಿಕ್ಕಿತು, ಸಾಮಾನ್ಯ ಹೆಣ್ಣಿನ ಓಟು ಸಿಕ್ಕಲಿಲ್ಲ.

ಓಟು ಬಂದದ್ದು ಆಮೇಲೆ. ಮದ್ರಾಸು ಪ್ರಾಂತ 1921ರಲ್ಲಿ, ನಮ್ಮ ಮೈಸೂರು 1923ರಲ್ಲಿ ಹೆಣ್ಣೆಂಬ ಕಾರಣಕ್ಕಿದ್ದ ಅಡ್ಡಿಯನ್ನು ತೆಗೆದವು. ಆದರೂ ಸ್ವಂತ ಆಸ್ತಿಯಿಲ್ಲದ ಹೆಂಗಸಿಗೆ ಅದರಿಂದ ಬಂದದ್ದು ಅಷ್ಟಕ್ಕಷ್ಟೆ. ವಯಸ್ಸಿಗೆ ಬಂದವರಿಗೆಲ್ಲ ಮತವೆಂದು ಸಂವಿಧಾನ ಹೇಳಿದ ಮೇಲೆ 1951-52ರಲ್ಲಿ ಮೊದಲ ಮಹಾಚುನಾವಣೆ ನಡೆಯಿತು. ಪಟ್ಟಿ ಬರೆಯಲು ಬಂದವರ ಮುಂದೆ, ಮುಖ್ಯವಾಗಿ ಉತ್ತರದ ರಾಜ್ಯಗಳಲ್ಲಿ, ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದರು. ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರು ಹೆಸರಿಲ್ಲದ ಮತದಾರರು ಇರಕೂಡದೆಂದು ಪಟ್ಟು ಹಿಡಿದರು. ಕೊನೆಗೆ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಕಠಿಣವೆನ್ನಿಸಿದರೂ ಅದರಿಂದ ಒಂದು ಉಪಕಾರವಾಯಿತು. ಗಂಡನ ಹೆಸರನ್ನೂ ಹೇಳದೆ, ತನ್ನ ಹೆಸರನ್ನೂ ಹೇಳದೆ ಬಾಳಿದ ಹೆಣ್ಣಿಗೆ, ಸರ್ಕಾರದ ಕಾಗದದ ಮೇಲೆ ನೀನು ನೀನೇ ಎಂದು ಒಬ್ಬರು ಹೇಳಿದಂತಾಯಿತು.

ದೆಹಲಿಯ, ಬೆಂಗಳೂರಿನ ಮತಪೆಟ್ಟಿಗೆ ಹಳ್ಳಿಯ ಬಾವಿಕಟ್ಟೆಗೆ ಇಳಿಯಲು ಇನ್ನೂ ಮೂವತ್ತೈದು ವರ್ಷ ಬೇಕಾಯಿತು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಶಾಸನ ಮಾಡಿತು. ಅದರ ಹಿಂದಿದ್ದವರು ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೂ ಕೊಳವೆಬಾವಿ ಕೊರೆಸಿ 'ನೀರ್ ಸಾಬ್' ಎನ್ನಿಸಿಕೊಂಡವರೂ ಅವರೇ. ರೊಕೆಯಾ ಮೋಡದಿಂದ ಇಳಿಸಿದ ನೀರನ್ನು ಇವರು ನೆಲದೊಳಗಿನಿಂದ ಎತ್ತಿಸಿದರು. ನೀರನ್ನೂ ಅಧಿಕಾರವನ್ನೂ ಒಂದೇ ಮನುಷ್ಯ ಹಳ್ಳಿಗೆ ತರಲು ಹೊರಟದ್ದು ನನಗೆ ಬರಿಯ ಆಕಸ್ಮಿಕವಾಗಿ ಕಾಣುವುದಿಲ್ಲ. ಕೊಡ ಹೊರುವವಳು ಯಾರೋ, ಕೊಳವೆಬಾವಿ ಎಲ್ಲಿರಬೇಕೆಂದು ಹೇಳಬೇಕಾದವಳೂ ಅವಳೇ. ಆ ಶಾಸನದಲ್ಲಿ ನೂರಕ್ಕೆ 25 ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. 1987ರ ಜನವರಿಯ ಚುನಾವಣೆಯಲ್ಲಿ ಸುಮಾರು 14 ಸಾವಿರ ಮಹಿಳೆಯರು ಒಮ್ಮೆಲೇ ಗೆದ್ದು ಬಂದರು. ಮುಂದೆ ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ಮೀಸಲು ಮೂರನೇ ಒಂದಾಯಿತು. ಕರ್ನಾಟಕದಲ್ಲಿ 2010ರಲ್ಲಿ ಅರ್ಧವಾಯಿತು.

ಇದೂ ಮೇಲಿನಿಂದ ಬಂದ ದಾನವೇ ಅಲ್ಲವೆ, ಹೆಂಗಸರು ಕೇಳಿದ್ದರೇನು ಎಂದು ಮೂಗು ಮುರಿಯುವವರಿದ್ದಾರೆ. ಗೆದ್ದವಳು ಹೆಂಡತಿ, ಸಭೆಗೆ ಹೋಗುವವನು ಗಂಡ ಎಂಬ ಹಾಸ್ಯವೂ ಹಳೆಯದಾಯಿತು. ಹಾಸ್ಯದಲ್ಲಿ ಸುಳ್ಳೇನಿಲ್ಲ. ಕಂದಿಕೆರೆಯ ಕಡೆಯ ನಮ್ಮ ದೊಡ್ಡಮ್ಮನ ಸೊಸೆ ಸದಸ್ಯೆಯಾದಾಗ ಮೊದಮೊದಲು ಮನೆಯಲ್ಲೇ ಸಹಿ ಹಾಕಿ ಕಳಿಸುತ್ತಿದ್ದಳು. ಒಂದು ದಿನ ದೊಡ್ಡಮ್ಮ ಕೊಬ್ಬರಿಯ ಚಿಪ್ಪು ಬಿಡಿಸುತ್ತ ಕೂತಲ್ಲಿಂದಲೇ, "ಅಲ್ಲ ಕಣಮ್ಮ, ಓಟು ಬಿದ್ದಿದ್ದು ನಿಂಗೆ, ಕುರ್ಚಿ ಮ್ಯಾಲೆ ಕುಂತಿರಾದು ನನ್ ಮಗ. ಇದೆಂಥ ಲೆಕ್ಕ?" ಎಂದರು. ಸೊಸೆ ನಕ್ಕು, "ನೀವೂ ಬರಂಗಿದ್ರೆ ಹೋಗ್ತೀನಿ ಅತ್ತೆ" ಎಂದಳಂತೆ. ಇಬ್ಬರೂ ಹೋದರು. ಸೊಸೆ ಆಡಿದ್ದು ಎರಡೇ ಮಾತು, ಎರಡೂ ಕೊಳಾಯಿಯ ವಿಷಯ. ಆಮೇಲೆ ಅವಳು ಯಾವ ಸಭೆಯನ್ನೂ ತಪ್ಪಿಸಲಿಲ್ಲ. ಶಾಸನ ಅವಳಿಗೆ ಕುರ್ಚಿ ಕೊಟ್ಟಿತ್ತು; ಕೂರಲು ಹೇಳಿದ್ದು ಮನೆಯ ಇನ್ನೊಂದು ಹೆಣ್ಣು.

ನಮ್ಮಲ್ಲಿ ಕೊಬ್ಬರಿ ಮಾಡುವ ಬಗೆ ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಬಲಿತ ಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಬೇಕು, ಗಿಟುಕು ಚಿಪ್ಪನ್ನು ತಾನಾಗಿ ಬಿಡಬೇಕು. ಅಲ್ಲಾಡಿಸಿದರೆ ಒಳಗೆ ಸದ್ದಾಗಬೇಕು. ಅವಸರಪಟ್ಟು ಒಡೆದರೆ ತಿಪಟೂರಿನ ಸಂತೆಯಲ್ಲಿ ಅದಕ್ಕೆ ಬೆಲೆಯಿಲ್ಲ. ಹಾಗೆಂದು ಕಾಯನ್ನು ಅಟ್ಟಕ್ಕೆ ಏರಿಸದೆ ಮರದ ಬುಡದಲ್ಲೇ ಬಿಟ್ಟರೂ ಕೊಬ್ಬರಿಯಾಗುವುದಿಲ್ಲ. ಯಾರೋ ಒಬ್ಬರು ಏರಿಸಲೇಬೇಕು.

ರಷ್ಯದ ಕಾದಂಬರಿಕಾರರು ಸಿಡಿಲು ಕೊಡಬೇಡ ಎಂದದ್ದು ಸರಿಯೆ. ಸಿಡಿಲಿನಿಂದ ಯಾವ ನಾಡೂ ತನ್ನನ್ನು ತಾನು ಆಳಿಕೊಳ್ಳಲು ಕಲಿತಿಲ್ಲ. ಆದರೆ ಸುಮ್ಮನೆ ನಿಂತು ನೋಡುವುದೊಂದೇ ಇನ್ನೊಂದು ದಾರಿ ಎಂಬುದನ್ನು ನಾನು ಒಪ್ಪಲಾರೆ. ಸಭೆಯೊಂದನ್ನು ಕರೆಯಬಹುದು, ಹೆಸರು ಕೇಳಿ ಬರೆದುಕೊಳ್ಳಬಹುದು, ಕುರ್ಚಿಯೊಂದನ್ನು ಖಾಲಿ ಇಡಬಹುದು. ಇಷ್ಟು ಮೇಲಿನವರ ಕೆಲಸ. ಉಳಿದದ್ದು ನಮ್ಮದು, ಅದಿನ್ನೂ ಮುಗಿದಿಲ್ಲ. 2023ರಲ್ಲಿ ಆಯ್ಕೆಯಾದ ನಮ್ಮ ವಿಧಾನಸಭೆಯ 224 ಮಂದಿಯಲ್ಲಿ ಹೆಂಗಸರು ಹತ್ತೇ ಮಂದಿ. ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಪಾಲು ಮೀಸಲಿಡುವ ತಿದ್ದುಪಡಿಗೆ ಅದೇ ವರ್ಷ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಆ ಕುರ್ಚಿಗಳು ಬಂದ ದಿನ ಅವುಗಳ ಮೇಲೆ ಕೂರುವವರು ಬೇಕು. ಅದಕ್ಕಿಂತ ಹೆಚ್ಚಾಗಿ, ಹೋಗಿ ಕೂತುಕೋ ಎಂದು ಹೇಳುವ ದೊಡ್ಡಮ್ಮಂದಿರು ಮನೆ ಮನೆಯಲ್ಲೂ ಬೇಕು.