ಯಶಸ್ವಿನಿ: ಸಂಘದ ಬಾಗಿಲಿಂದ ಆಸ್ಪತ್ರೆಗೆ

ಸಂಘವೆಂದರೆ ಸಾಲ, ಗೊಬ್ಬರ ಅಂತಲೇ ನಾವು ತಿಳಿದಿದ್ದೆವು. ಮನೆಯಲ್ಲಿ ಯಾರಿಗಾದರೂ ಆಪರೇಷನ್ ಎಂದರೆ ಎತ್ತು ಮಾರಬೇಕು, ಇಲ್ಲವೇ ಹೊಲ ಅಡವಿಡಬೇಕು. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿಯವರ ಆಲೋಚನೆಯಂತೆ ರಾಜ್ಯ ಸರ್ಕಾರ 2003ರ ಜೂನ್‌ನಲ್ಲಿ ಸಹಕಾರಿ ರೈತರಿಗಾಗಿ ಯಶಸ್ವಿನಿ ಯೋಜನೆ ಜಾರಿಗೆ ತಂದಿತು. ತಲೆಗೆ ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ 5. ಜ್ವರ, ನೆಗಡಿಗಲ್ಲ, ಶಸ್ತ್ರಚಿಕಿತ್ಸೆಗೆ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಒಬ್ಬನ ಕಷ್ಟಕ್ಕೆ ಸರ್ಕಾರದ ಪಾಲಿನ ಜೊತೆ ಸಾವಿರಾರು ಜನರ ಹಣ ಒದಗಿತು. ಸಹಕಾರವೆಂದರೆ ಇದೇ ಅಲ್ಲವೆ?

2018ರಲ್ಲಿ ಯೋಜನೆ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾಯಿತು. ಸಂಘದ ಮೂಲಕ ಸಿಗುತ್ತಿದ್ದ ಕಾರ್ಡು ತಪ್ಪಿತು. 2022ರಲ್ಲಿ ನೋಂದಣಿ ಮತ್ತೆ ಶುರುವಾಯಿತು: ಹಳ್ಳಿಯ ನಾಲ್ವರ ಕುಟುಂಬಕ್ಕೆ 500 ರೂಪಾಯಿ. ಒಮ್ಮೆ ಕೈತಪ್ಪಿ ಬಂದದ್ದಿದು. ಸದಸ್ಯ ಬಾಂಧವರೇ, ಗಟ್ಟಿಮುಟ್ಟಾಗಿದ್ದಾಗಲೇ ಹಣ ಕಟ್ಟೋಣ, ನವೀಕರಣ ಮರೆಯದಿರೋಣ.